ಟಾಫ್ಟಿ ಥಿಯಾಲಜಿ ಕೋರ್ಸ್: ಕ್ಯಾಂಪಸ್ ಸೇವೆ ಮಾಡ್ಕೊಂಡೇ ಓದೋಕಾಗುತ್ತಾ?

ನಾನು ಬೆಂಗಳೂರಲ್ಲಿ ಇಂಜಿನಿಯರಿಂಗ್ ಕಾಲೇಜ್ ಹುಡುಗ್ರ ಮಧ್ಯೆ ಸೇವೆ ಮಾಡೋನು, ಬೈಬಲ್ ಸ್ಟಡಿ, ಹಾಸ್ಟೆಲ್ ವಿಸಿಟ್, ಪ್ರಾರ್ಥನಾ ಕೂಟ ಇದೇ ಕೆಲಸ. "ಥಿಯಾಲಜಿ ಓದ್ಬೇಕು ಅಣ್ಣಾ, ಆದ್ರೆ ಕ್ಯಾಂಪಸ್ ಬಿಡೋಕಾಗಲ್ಲ" ಅನ್ನೋರು ತುಂಬಾ ಜನ ಸಿಗ್ತಾರೆ, ಅವರಿಗೋಸ್ಕರ ಈ ರಿವ್ಯೂ, ಇದ್ದಲ್ಲೇ ಥಿಯಾಲಜಿ (ದೇವಶಾಸ್ತ್ರ) ಕಲಿಸೋ ಟಾಫ್ಟಿ ಅನ್ನೋ ಸಂಸ್ಥೆಯ ಕೋರ್ಸ್ ಬಗ್ಗೆ.

ರೆಗ್ಯುಲರ್ ದಾರಿ ಎಲ್ರಿಗೂ ಗೊತ್ತು. ಮಿಲ್ಲರ್ಸ್ ರೋಡಲ್ಲಿ ಯುಟಿಸಿ (ಯುನೈಟೆಡ್ ಥಿಯಾಲಜಿಕಲ್ ಕಾಲೇಜ್) ಇದೆ, 1910ರಿಂದ ನಡೀತಿದೆ, ಥಿಯಾಲಜಿ ಡಿಗ್ರಿ ಕೊಡೋ ಸೆರಾಂಪುರ್ ಸೆನೆಟ್‌ನ ಬಿಡಿ (ಬ್ಯಾಚುಲರ್ ಆಫ್ ಡಿವಿನಿಟಿ) ಮಾಡ್ಬೇಕಂದ್ರೆ ವರ್ಷಗಟ್ಲೆ ಫುಲ್‌ಟೈಮ್ ಕೂತು ಓದ್ಬೇಕು. ಸಭಾಪಾಲಕರಾಗೋರಿಗೆ ಅದೇ ಸರಿ. ನಮ್ಮ ಕಥೆ ಬೇರೆ, ಬಿಇ ಹುಡುಗ್ರು ಸಿಗೋದೇ ನಾಲ್ಕು ವರ್ಷ, ನಾವು ಸೆಮಿನರಿ (ಥಿಯಾಲಜಿ ಕಾಲೇಜ್) ಮುಗಿಸ್ಕೊಂಡು ಬರೋಷ್ಟ್ರಲ್ಲಿ ಫಸ್ಟ್ ಸೆಮ್‌ನಲ್ಲಿ ಪರಿಚಯ ಆದೋನು ಕೆಲಸ ಹಿಡ್ಕೊಂಡು ಹೈದರಾಬಾದ್ ಸೇರಿರ್ತಾನೆ.

ಟಾಫ್ಟಿ ಶುರುವಾಗಿದ್ದು 1971ರಲ್ಲಿ, ಬೆಂಗಳೂರಲ್ಲೇ. ಟಿಇಇ (ಥಿಯಾಲಜಿಕಲ್ ಎಜುಕೇಶನ್ ಬೈ ಎಕ್ಸ್ಟೆನ್ಷನ್) ಪದ್ಧತಿ ಇದು, 1963ರಲ್ಲಿ ಗ್ವಾಟೆಮಾಲಾದ ಒಂದು ಪ್ರೆಸ್ಬಿಟೇರಿಯನ್ ಸೆಮಿನರಿಯೋರು, ಊರು-ಸಂಸಾರ ಬಿಟ್ಟು ಬರೋಕಾಗದ ಸಭೆ ಮುಖಂಡರು ಇದ್ದಲ್ಲಿಗೇ ಪಾಠ ತಗೊಂಡು ಹೋಗಿದ್ದು ಇದರ ಮೂಲ. ಮನೇಲಿ ವರ್ಕ್‌ಬುಕ್ ಓದ್ತಾ ಓದ್ತಾನೇ ಪ್ರಶ್ನೆಗೆ ಉತ್ತರ ಬರೀಬೇಕು, ಆಮೇಲೆ ಟ್ಯೂಟರ್ ಜೊತೆ ಗುಂಪಾಗಿ ಕೂತು ಚರ್ಚೆ. ಬರೀ ಓದಿ ಬಿಟ್ರೆ ಸಾಲಲ್ಲ, ಗುಂಪಲ್ಲಿ ಬಾಯಿ ಬಿಡಲೇಬೇಕು, ಓದದೆ ಬಂದೋರು ಅಲ್ಲೇ ಸಿಕ್ಕಿಬೀಳ್ತಾರೆ.

ನನಗೆ ಲಾಭ ಆಗಿದ್ದು ಎಲ್ಲಿ ಅಂದ್ರೆ, ಬ್ಯಾಕ್‌ಲಾಗ್ ಬಿದ್ದು ನಾಚಿಕೆಗೆ ಬೈಬಲ್ ಸ್ಟಡಿಗೂ ಬರದೇ ಇದ್ದ ಒಬ್ಬ ಹುಡುಗನ ರೂಮಿಗೆ ಹೋಗಿದ್ದೆ. ಇಂಥ ಟೈಮಲ್ಲಿ ಎಲ್ರೂ ಕೊಡೋ ವಚನ ಯೆರೆಮೀಯ 29:11 (ನಿಮಗೆ ಒಳ್ಳೇ ಭವಿಷ್ಯ ಕೊಡ್ತೀನಿ ಅನ್ನೋ ದೇವರ ಮಾತು), ಅವನ ಗೋಡೆ ಮೇಲೂ ಅದೇ ಸ್ಟಿಕರ್! ಆ ಮಾತು ಬಾಬೆಲಿಗೆ ಸೆರೆ ಹೋದೋರಿಗೆ ಬರೆದ ಪತ್ರದ್ದು, ಹಿಂದಿನ ವಚನದಲ್ಲೇ 70 ವರ್ಷ ಅಂತಿದೆ, ಮುಂದಿನ ಸೆಮ್ ರಿಸಲ್ಟ್ ಬಗ್ಗೆ ಅಲ್ಲ. ಆಗಷ್ಟೇ ಗುಂಪಲ್ಲಿ ಪ್ರಲಾಪದ ಕೀರ್ತನೆಗಳನ್ನ (ದೇವರ ಮುಂದೆ ದುಃಖ ತೋಡಿಕೊಳ್ಳೋ ಬೈಬಲ್ ಹಾಡುಗಳು) ಓದಿದ್ವಿ, ಅದಕ್ಕೇ ಇಬ್ರೂ ಕೂತು ಕೀರ್ತನೆ 88 ಓದಿದ್ವಿ, ಕೊನೇವರೆಗೂ ಒಂದು ಸಮಾಧಾನದ ಮಾತಿಲ್ಲ, ಕತ್ತಲೆ ಅಂತಾನೇ ಮುಗಿಯುತ್ತೆ. "ಬೈಬಲ್‌ನಲ್ಲಿ ಹಿಂಗೂ ಬರ್ದಿದ್ಯಾ ಅಣ್ಣಾ?" ಅಂದ. ಆಮೇಲೆ ಒಂದು ಗಂಟೆ ಮಾತಾಡ್ದ. ನಾಲ್ಕು ವರ್ಷದ ಓದು ಮುಗಿಸಿ ಬಂದು ಹೇಳೋಣ ಅಂತಿದ್ರೆ ಈ ಹುಡುಗ ಸಿಗ್ತಿರ್ಲಿಲ್ಲ.

ಕೊರತೆ ಇಲ್ವಾ ಅಂದ್ರೆ ಇದೆ. ಗ್ರೀಕ್, ಹೀಬ್ರೂ ಗಟ್ಟಿಯಾಗಿ ಕಲೀಬೇಕು ಅನ್ನೋರಿಗೆ ದಿನಾ ತಿದ್ದೋ ಮೇಷ್ಟ್ರು ಬೇಕು, ಲೈಬ್ರರಿ ಬೇಕು, ಈ ಥರದ ಓದಲ್ಲಿ ಅದು ಕಷ್ಟ. ಮುಂದೆ ಪಾಠ ಮಾಡೋ ಆಸೆ ಇದ್ರೆ ಸೀದಾ ಸೆಮಿನರಿಗೆ ಹೋಗಿ. ಹಾಗಂತ ಬರೀ ಅಂಚೆ ಕೋರ್ಸ್‌ಗೆ ಬೀಳ್ಬೇಡಿ, ಮೊದಲು ಒಂದು ಕಡೆ (ಹೆಸರು ಬೇಡ ಬಿಡಿ) ದುಡ್ಡು ಕಟ್ಟಿದ್ದೆ, ಪುಸ್ತಕದ ಕಟ್ಟು ಬಂತು, ಕಳಿಸಿದ ಅಸೈನ್‌ಮೆಂಟ್‌ಗೆ ಇವತ್ತಿಗೂ ಉತ್ತರ ಇಲ್ಲ.

ಇನ್ನೊಂದು, ಸೇರೋ ಮುಂಚೆ ಕಾಲೇಜ್ ಕ್ಯಾಲೆಂಡರ್ ಇಟ್ಕೊಂಡು ಕೂತ್ಕೊಳ್ಳಿ. ಹೊಸ ಬ್ಯಾಚ್ ಬರೋ ತಿಂಗಳಲ್ಲಿ ಪುಸ್ತಕ ಮುಟ್ಟೋಕೂ ಆಗಲ್ಲ, ಸೆಮ್ ಎಕ್ಸಾಮ್ ಟೈಮಲ್ಲಿ ಹುಡುಗ್ರು ಬಿಜಿ, ನಾವು ಫ್ರೀ, ಭಾರಿ ಪಾಠಗಳನ್ನೆಲ್ಲ ಅಲ್ಲಿಗೆ ಇಟ್ಕೊಳ್ಳಿ, ಗುಂಪಿನ ದಿನ ಮಾತ್ರ ನಿಮ್ಮ ಬೈಬಲ್ ಸ್ಟಡಿ ದಿನಕ್ಕೆ ಅಡ್ಡ ಬರದ ಹಾಗೆ ಮೊದ್ಲೇ ಕೇಳ್ಕೊಳ್ಳಿ. ನನ್ನ ಕಡೆಯಿಂದ ಐದಕ್ಕೆ ನಾಲ್ಕು.