ಸರ್ಕಾರಿ ಮನೆಗೆ ಅರ್ಜಿ ಹಾಕುವವರೇ, ಬಾಯಿಮಾತು ಕೇಳಿ ವಾಪಸ್ ಬರಬೇಡಿ

ಉಡುಪಿ, ಮಂಗಳೂರು ಕಡೆಯ ನಮ್ಮ ಟ್ರಾನ್ಸ್, ಗೇ, ಲೆಸ್ಬಿಯನ್ ಸಮುದಾಯದವರು ಸರ್ಕಾರಿ ಮನೆಗೆ ಅರ್ಜಿ ಹಾಕುವ ಮೊದಲು ಇದನ್ನು ಓದಿ. "ನಿಮಗೆ ಮನೆ ಕೊಡುವುದಿಲ್ಲ" ಎಂದು ಕಚೇರಿಯಲ್ಲಿ ಯಾರೂ ಬರೆದು ಕೊಡುವುದಿಲ್ಲ. ಬಾಯಲ್ಲೇ ಹೇಳಿ ಸಾಗಹಾಕುತ್ತಾರೆ.

ನಾನು ಟ್ರಾನ್ಸ್ ಮಹಿಳೆ. ಪ್ರಧಾನಮಂತ್ರಿ ಆವಾಸ್ ಯೋಜನೆಗೆ ಅರ್ಜಿ ಕೊಡಲು ಹೋದಾಗ ಗುಮಾಸ್ತರು ಮೊದಲು "ಕೂತ್ಕೊಳ್ಳಿ ಅಮ್ಮ" ಎಂದರು. ಫೈಲಿನೊಳಗಿನ ಟಿಜಿ ಕಾರ್ಡ್ (ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿ) ಕಂಡದ್ದೇ ತಡ, ಮಾತು ಏಕವಚನಕ್ಕೆ ಇಳಿಯಿತು. "ನಿನ್ನದು ಆಪರೇಷನ್ ಆಗಿದೆಯಾ? ಸರ್ಟಿಫಿಕೇಟ್ ಉಂಟಾ?" ಸುತ್ತ ಜನ ನಿಂತಿದ್ದರು. ನನ್ನ ಕಾರ್ಡ್ 2020ರ ಟ್ರಾನ್ಸ್‌ಜೆಂಡರ್ ನಿಯಮದ ಪ್ರಕಾರ ಮಣಿಪಾಲದ ರಜತಾದ್ರಿಯಲ್ಲಿರುವ ಡಿಸಿ ಕಚೇರಿಯಿಂದ ಬಂದದ್ದು. ಆ ಕಾರ್ಡಿಗೇ ವೈದ್ಯಕೀಯ ಪರೀಕ್ಷೆ ಬೇಕಿರಲಿಲ್ಲ. ಮನೆಗೆ ಎಂತಕ್ಕೆ? ಹಾಗೆ ಕೇಳಿದ್ದಕ್ಕೆ ಅರ್ಜಿಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ "ಕುಟುಂಬ ಇಲ್ಲ" ಎಂದು ಗೀಚಿ ವಾಪಸ್ ಕೊಟ್ಟರು. ಸೀಲಿಲ್ಲ, ಸಹಿ ಇಲ್ಲ. ರಬ್ಬರ್ ಹಾಕಿ ಉಜ್ಜಿದರೆ ಸಾಕ್ಷಿಯೇ ಇಲ್ಲ, ಅಲ್ವಾ?

ಹಠ ಹಿಡಿದು ಅರ್ಜಿ ಕೊಟ್ಟೇ ಬಂದೆ. ಆಮೇಲೆ ಪರಿಶೀಲನೆಗೆ ಬಂದವರು ನನ್ನ ಬಾಗಿಲು ತಟ್ಟಲಿಲ್ಲ. ಪಕ್ಕದ ಮನೆಯ ಜಗಲಿಯಲ್ಲಿ ಕೂತು, ನಾನು ಯಾರು, ರಾತ್ರಿ ಯಾರೆಲ್ಲ ಬರುತ್ತಾರೆ ಎಂದು ವಿಚಾರಿಸಿ ಹೋದರು. ಅಲ್ಲಿಯವರೆಗೆ ಓಣಿಯಲ್ಲಿ ಯಾರಿಗೂ ನನ್ನ ವಿಷಯ ಗೊತ್ತಿರಲಿಲ್ಲ. ಅದೇ ವಾರ ಓನರ್ ಮನೆ ಖಾಲಿ ಮಾಡಲು ಹೇಳಿದರು. ಸರ್ಕಾರಿ ಮನೆ ಕೇಳಲು ಹೋಗಿ ಇದ್ದ ಬಾಡಿಗೆ ಮನೆಯೂ ಹೋಯಿತು. ಈ ಸಿಟ್ಟು ನನಗಿನ್ನೂ ಇಳಿದಿಲ್ಲ.

2015ರಲ್ಲಿ ಶುರುವಾದ ಈ ಆವಾಸ್ ಯೋಜನೆಯ ಮಾರ್ಗಸೂಚಿಯಲ್ಲೇ ಒಂಟಿ ಮಹಿಳೆಯರ ಜೊತೆ ಟ್ರಾನ್ಸ್‌ಜೆಂಡರ್‌ಗಳಿಗೂ ಆದ್ಯತೆ ಕೊಡಬೇಕು ಎಂದಿದೆ. 2019ರ ಟ್ರಾನ್ಸ್‌ಜೆಂಡರ್ ಹಕ್ಕುಗಳ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಮನೆ ಕೊಳ್ಳುವುದರಲ್ಲಿ, ಬಾಡಿಗೆಗೆ ಪಡೆಯುವುದರಲ್ಲಿ ತಾರತಮ್ಯ ಮಾಡುವಂತಿಲ್ಲ. ಇರುವ ಜಾಗದಿಂದ ಬಲವಂತವಾಗಿ ಹೊರಹಾಕುವುದು 18ನೇ ಸೆಕ್ಷನ್ ಪ್ರಕಾರ ಅಪರಾಧ. ಗೇ, ಲೆಸ್ಬಿಯನ್ ಗೆಳೆಯರಿಗೆ ಈ ಕಾಯ್ದೆಯ ಆಸರೆ ಇಲ್ಲ, ಅದು ದೊಡ್ಡ ಅನ್ಯಾಯ. ಆದರೆ ಲೈಂಗಿಕ ಒಲವು ನೋಡಿ ತಾರತಮ್ಯ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಸಲಿಂಗ ಸಂಬಂಧ ಅಪರಾಧವಲ್ಲ ಎಂದ 2018ರ 377ನೇ ಸೆಕ್ಷನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಂಥ ಜೋಡಿಗಳನ್ನು ರೇಷನ್ ಕಾರ್ಡಿಗೆ ಒಂದೇ ಮನೆಯವರೆಂದು ಪರಿಗಣಿಸಿ ಎಂದು ಕೇಂದ್ರ 2024ರಲ್ಲಿ ರಾಜ್ಯಗಳಿಗೆ ತಿಳಿಸಿದೆ. ಜೊತೆಯಾಗಿ ಬಾಳುತ್ತಿರುವವರು ಅದರ ಪ್ರತಿ ಇಟ್ಟುಕೊಳ್ಳಿ.

ಕಚೇರಿಗೆ ಒಬ್ಬರೇ ಹೋಗಬೇಡಿ. ಅರ್ಜಿಯ ಎರಡು ಪ್ರತಿ ಒಯ್ದು, ಒಂದಕ್ಕೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಪೆನ್ಸಿಲ್ ಗೀಟು ಕಂಡರೆ ಅಲ್ಲೇ ಫೋಟೊ ತೆಗೆಯಿರಿ. ಆಮೇಲೆ ಹತ್ತು ರೂಪಾಯಿ ಶುಲ್ಕ ಕಟ್ಟಿ, ಅರ್ಜಿ ಏನಾಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು. ನನ್ನ ಅರ್ಜಿಗೆ ನಂಬರ್ ಬಿದ್ದದ್ದೇ ಹಾಗೆ ಕೇಳಿದ ಮೇಲೆ. ಮನೆ ಖಾಲಿ ಮಾಡಿ ಎಂದು ಒತ್ತಾಯ ಬಂದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಉಡುಪಿ ಕಡೆಯವರಾದರೆ ನನಗೂ ಹೇಳಿ, ಕಚೇರಿಗೆ ಜೊತೆಗೆ ಬರುತ್ತೇನೆ.