ಸೊಪ್ಪಿನ ತೋಟಕ್ಕೆ ಯುವಿ ಯಂತ್ರ: ಹದಿನಾಲ್ಕು ತಿಂಗಳು ಬಳಸಿದ ಮೇಲೆ

ನಮ್ಮದು ಸರ್ಜಾಪುರದ ಕಡೆ 20 ಗುಂಟೆ. ಕೊತ್ತಂಬರಿ, ದಂಟು, ಪಾಲಕ್ ಬೆಳೆಯುತ್ತೇನೆ. ಬೋರ್‌ವೆಲ್ ಬತ್ತಿದ ಮೇಲೆ ಪಕ್ಕದ ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ನೀರಿಗೆ ಪೈಪ್ ಎಳೆಸಿಕೊಂಡೆ. "ಕಕ್ಕಸಿನ ನೀರಲ್ವೇನೋ ಅದು? ಅದ್ರಲ್ಲಿ ಕೊತ್ತಂಬ್ರಿ ಬೆಳೀತೀಯಾ?" ಅಂತ ಅಮ್ಮ ಮೊದಲ ದಿನವೇ ಕೇಳಿದ್ದರು. ತಪ್ಪೇನಿಲ್ಲ. ತೆಂಗಿಗೆ ಬಿಟ್ಟರೆ ಅಷ್ಟು ಯೋಚನೆ ಬೇಡ. ಕೊತ್ತಂಬರಿಯನ್ನು ಜನ ಹಸಿಯಾಗೇ ತಿನ್ನುತ್ತಾರೆ.

ಮೊದಲು ಬ್ಲೀಚಿಂಗ್ ಪೌಡರ್ ಹಾಕಿ ನೋಡಿದೆ. ಜಾಸ್ತಿಯಾದ ದಿನ ಎಲೆಯ ಅಂಚು ಸುಟ್ಟಿತು. ಕಡಿಮೆಯಾದರೆ ನೀರಲ್ಲಿರುವ ಅಮೋನಿಯಾನೇ ಕ್ಲೋರಿನ್ ನುಂಗಿಬಿಡುತ್ತದೆ. ಹಾಗಾಗಿ ಯುವಿ, ಅಂದರೆ ನೇರಳಾತೀತ ಬೆಳಕಿನಿಂದ ನೀರಿನ ರೋಗಾಣು ಅಡಗಿಸುವ ಈ ಯಂತ್ರ ತಂದೆ. 55 ವ್ಯಾಟ್, ಗಂಟೆಗೆ 2,000 ಲೀಟರ್. ಸ್ಟೀಲ್ ಕೊಳವೆ, ಒಳಗೆ ಒಂದು ಕ್ವಾರ್ಟ್ಜ್ ಕೊಳವೆ, ಅದರೊಳಗೆ ದೀಪ. ಮಾಮೂಲಿ ಗಾಜು ದೀಪದ ಈ 254 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ತಡೆದುಬಿಡುತ್ತದೆ, ಅದಕ್ಕೇ ಕ್ವಾರ್ಟ್ಜ್. ಬೆಳಕು ಬಿದ್ದ ರೋಗಾಣುವಿನ ಡಿಎನ್‌ಎ ಕೆಡುತ್ತದೆ, ಆಮೇಲೆ ಅದು ಮರಿ ಹಾಕಲಾರದು. ಕ್ಲೋರಿನ್‌ಗೆ ಬಗ್ಗದ ಕ್ರಿಪ್ಟೋಸ್ಪೋರಿಡಿಯಂ ಅನ್ನೋ ಭೇದಿ ತರುವ ರೋಗಾಣು ಕೂಡ ಇದಕ್ಕೆ ಸುಲಭವಾಗಿ ಬಗ್ಗುತ್ತದೆ.

ಶುರುವಿನಲ್ಲಿ ಲ್ಯಾಬಿಗೆ ಕೊಟ್ಟ ನೀರು ಚೆನ್ನಾಗಿ ಪಾಸಾಯಿತು. ಹಸಿ ತಿನ್ನುವ ಬೆಳೆಗೆ 100 ಮಿಲೀ ನೀರಲ್ಲಿ ಮಲದ ಕೋಲಿಫಾರ್ಮ್ ಅನ್ನೋ ಬ್ಯಾಕ್ಟೀರಿಯಾ 1,000 ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಹೇಳಿದ್ದು. ನಾನು ಅದನ್ನೇ ಅಳತೆಗೋಲು ಮಾಡಿಕೊಂಡಿದ್ದೇನೆ.

ಮೂರನೇ ತಿಂಗಳು ಫೇಲ್. ಯಂತ್ರದ ಹಸಿರು ಲೈಟು ಮಾತ್ರ ನೆಮ್ಮದಿಯಾಗಿ ಉರಿಯುತ್ತಿತ್ತು! ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಕ್ವಾರ್ಟ್ಜ್ ಕೊಳವೆ ಎಳೆದು ನೋಡಿದರೆ ಗೀಸರ್ ಕಾಯಿಲ್ ಮೇಲೆ ಕಟ್ಟುತ್ತಲ್ಲ, ಅಂಥ ಬಿಳಿ ಪೊರೆ. ಉಗುರಿನಲ್ಲಿ ಕೆರೆದರೂ ಬರಲಿಲ್ಲ. ನಿಂಬೆ ಉಪ್ಪು ಕರಗಿಸಿದ ನೀರಲ್ಲಿ ಅರ್ಧ ಗಂಟೆ ನೆನೆಸಿ, ಹಳೇ ಪಂಚೆ ಬಟ್ಟೆಯಲ್ಲಿ ಒರೆಸಿದ ಮೇಲೆ ಆರಪಾರ ಕಂಡಿತು. ವಾಪಸ್ ಕೂರಿಸುವಾಗ ರಬ್ಬರ್ ವಾಷರ್ ಹರಿಯಿತು, ಆ ದಿನ ಪೂರ್ತಿ ಹಾಳು. ಹಸಿರು ಲೈಟು ದೀಪ ಉರಿಯುತ್ತಿದೆ ಅಂತ ಹೇಳುತ್ತದೆ, ಬೆಳಕು ನೀರಿಗೆ ತಲುಪುತ್ತಿದೆಯಾ ಅಂತ ಅಲ್ಲ. ಇದನ್ನು ಮಾರಿದವರು ಹೇಳಲೇ ಇಲ್ಲ. ಬೆಳಕು ಅಳೆಯುವ ಸೆನ್ಸರ್ ಇರುವ ಮಾದರಿ ದುಬಾರಿ, ಆದರೂ ಈಗ ಕೊಳ್ಳೋದಾದರೆ ಅದನ್ನೇ ಕೊಳ್ಳುತ್ತೇನೆ. ಸದ್ಯಕ್ಕೆ ಹದಿನೈದು ದಿನಕ್ಕೊಮ್ಮೆ ಬಿಚ್ಚಿ ತೊಳೆಯುತ್ತೇನೆ.

"ವರ್ಷಕ್ಕೊಂದು ದೀಪ ಬದಲಾಯಿಸಿ" ಅಂದರು. ಸುಮ್ನೆ ಲೆಕ್ಕ ಹಾಕಿ. ದೀಪದ ಬಾಳಿಕೆ ಸುಮಾರು 9,000 ಗಂಟೆ, ಅಂದರೆ ಹಗಲೂ ರಾತ್ರಿ ಉರಿಸಿದರೆ ಒಂದು ವರ್ಷ. ನನ್ನದು ದಿನಕ್ಕೆ ಐದೇ ಗಂಟೆ. ಪದೇ ಪದೇ ಆನ್ ಆಫ್ ಮಾಡಿದರೆ ಬೇಗ ಹೋಗುತ್ತೆ, ಅದಕ್ಕೆ ಒಂದೇ ಸಲ ಓಡಿಸುತ್ತೇನೆ. ಕರೆಂಟ್ ಹೋದರೆ ನೀರೂ ನಿಲ್ಲುವ ಹಾಗೆ ವಾಲ್ವ್ ಹಾಕಿಸಿದ್ದೇನೆ.

ನೀರು ಕದಡಿದ್ದರೆ ಇದು ದಂಡ. ಕಸದ ಮರೆಯಲ್ಲಿ ಕೂತ ರೋಗಾಣುವಿಗೆ ಬೆಳಕು ತಾಕಲ್ಲ. ಜಂತುಹುಳುವಿನ ಮೊಟ್ಟೆಯಂತೂ ಇದಕ್ಕೆ ಅಷ್ಟು ಸುಲಭವಾಗಿ ಸಾಯಲ್ಲ, ಅದನ್ನು ಮುಂದಿರುವ ಮರಳಿನ ಫಿಲ್ಟರ್ ಹಿಡಿಯಬೇಕು. ಎಸ್‌ಟಿಪಿಯಿಂದ ಟೀ ಬಣ್ಣದ ನೀರು ಬಂದ ದಿನ ನಾನು ವಾಲ್ವೇ ತೆಗೆಯಲ್ಲ. ಸೋಪಿನ ಉಪ್ಪೂ ಹಾಗೇ ಉಳಿಯುತ್ತದೆ, ಮಣ್ಣು ಗಟ್ಟಿಯಾಗದಂತೆ ಜಿಪ್ಸಂ ಹಾಕುತ್ತಿದ್ದೇನೆ. ಯಂತ್ರ ದಾಟಿದ ನೀರನ್ನು ತೊಟ್ಟಿಯಲ್ಲಿ ನಿಲ್ಲಿಸಬೇಡಿ, ಮತ್ತೆ ಪಾಚಿ, ಮತ್ತೆ ಕ್ರಿಮಿ. ನಾನು ನೇರ ಡ್ರಿಪ್ಪಿಗೆ ಕೊಟ್ಟಿದ್ದೇನೆ.

ಐದಕ್ಕೆ ಮೂರೂವರೆ ಸ್ಟಾರ್. ಅಮ್ಮ ಈಗ ಈ ದಂಟಿನ ಸೊಪ್ಪಿನಲ್ಲಿ ಬಸ್ಸಾರು ಮಾಡುತ್ತಾರೆ. ಕೋಸಂಬರಿಗೆ ಮಾತ್ರ ಕೊತ್ತಂಬರಿ ಇನ್ನೂ ಸಂತೆಯಿಂದಲೇ ಬರುತ್ತೆ. ಆ ಸಂತೆಯ ಸೊಪ್ಪಿಗೆ ಯಾವ ನೀರು ಬಿಟ್ಟಿರುತ್ತಾರೋ, ನಾನಂತೂ ಬಾಯಿ ಬಿಟ್ಟಿಲ್ಲ.