ಮರ್ಕ್ಯೂರಿಯಲ್: ಪೈಥಾನ್ ಯೋಜನೆ ನೆಚ್ಚಿಕೊಂಡಿದ್ದ ಉಪಕರಣ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಅಭಿವೃದ್ಧಿ ತಂಡವು, ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡಲು ಬಳಸುತ್ತಿದ್ದ ಸಬ್‌ವರ್ಷನ್ ತಂತ್ರಾಂಶವನ್ನು ತೊರೆಯಲು ನಿರ್ಧರಿಸಿ, ಅದೇ ಕೆಲಸದ ಬಜಾರ್, ಗಿಟ್, ಮರ್ಕ್ಯೂರಿಯಲ್ ಮೂರನ್ನೂ ತೂಗಿ ನೋಡಿ, 2009ರಲ್ಲಿ ಮರ್ಕ್ಯೂರಿಯಲ್ಲನ್ನು ಆರಿಸಿಕೊಂಡಿತು; ಸ್ಥಳಾಂತರ ಮುಗಿದದ್ದು ಮಾತ್ರ 2011ರ ಮಾರ್ಚ್‌ನಲ್ಲಿ. ವಿಂಡೋಸ್‌ನ ಸಾಲು-ಅಂತ್ಯದ ಚಿಹ್ನೆಗಳಂತಹ ಸಣ್ಣ ಸಂಗತಿಗೂ ಪ್ರತ್ಯೇಕ ವಿಸ್ತರಣೆ (ಹೆಚ್ಚುವರಿ ತಂತ್ರಾಂಶ) ಬೇಕಾಯಿತೆಂದರೆ ಕೆಲಸದ ಸ್ವರೂಪ ಅರ್ಥವಾದೀತು.

ಉಪಕರಣದ ದೊಡ್ಡ ಗುಣವೆಂದರೆ, ಕೋಡ್ ಇರುವ ಮುಖ್ಯ ಭಂಡಾರಕ್ಕೆ ಬರೆಯುವ ಹಕ್ಕಿಲ್ಲದ ಹೊಸಬರೂ ಇಡೀ ಇತಿಹಾಸವನ್ನು ತಮ್ಮ ಗಣಕಕ್ಕೆ ಇಳಿಸಿಕೊಂಡು, ಅಂತರ್ಜಾಲವಿಲ್ಲದಾಗಲೂ ಹಂತಹಂತವಾಗಿ ಬದಲಾವಣೆಗಳನ್ನು ದಾಖಲಿಸಬಹುದು. ಇದರ ಆದೇಶಗಳು (ಕಮಾಂಡ್) ಸಬ್‌ವರ್ಷನ್ ಬಲ್ಲವರಿಗೆ ಅಪರಿಚಿತವೆನಿಸುವುದಿಲ್ಲ. ಗಿಟ್‌ಗಿಂತ ಇದನ್ನು ಕಲಿಯುವುದು ಸುಲಭವೆಂದೇ ನನ್ನ ಅಭಿಪ್ರಾಯ. ಉಪಕರಣವನ್ನು ಬಹುಪಾಲು ಪೈಥಾನ್‌ನಲ್ಲೇ ಬರೆದಿರುವುದು ಆ ತಂಡಕ್ಕೆ ಮನೆಯ ಅಡುಗೆಯಂತೆ ಒಗ್ಗಿರಬೇಕು.

ಕೊರತೆಗಳೂ ಇವೆ. ಕಣ್ಣಿಗೆ ಕಾಣುವ ಸರಳ ಆವೃತ್ತಿ ಸಂಖ್ಯೆ ಪ್ರತಿಯಿಂದ ಪ್ರತಿಗೆ ಬೇರೆಯಾಗಬಹುದಾದ್ದರಿಂದ ಇತರರೊಡನೆ ಮಾತನಾಡುವಾಗ ಎಲ್ಲ ಪ್ರತಿಗಳಲ್ಲೂ ಒಂದೇ ಆಗಿರುವ ಉದ್ದನೆಯ ಹ್ಯಾಶ್ ಗುರುತನ್ನೇ (ಅಕ್ಷರ-ಅಂಕಿಗಳ ಸಾಲು) ಬಳಸಬೇಕು. ಹೆಸರಿಟ್ಟ ಶಾಖೆಯ (ಮುಖ್ಯ ಕೋಡ್‌ನಿಂದ ಕವಲೊಡೆದ ಕೆಲಸದ ಸಾಲು) ಹೆಸರು ಇತಿಹಾಸದಲ್ಲಿ ಶಾಶ್ವತವಾಗಿ ಉಳಿಯುವುದು ತಾತ್ಕಾಲಿಕ ಪ್ರಯೋಗಗಳಿಗೆ ತೊಡಕು.

2017ರ ಫೆಬ್ರುವರಿಯಲ್ಲಿ ಪೈಥಾನ್ ಯೋಜನೆಯು ಗಿಟ್ ಆಧಾರಿತ ಕೋಡ್ ಹಂಚಿಕೆ ತಾಣವಾದ ಗಿಟ್‌ಹಬ್‌ಗೆ ತೆರಳಿತು. ಅದಕ್ಕೆ ಉಪಕರಣದ ದೋಷಕ್ಕಿಂತ, ಕೊಡುಗೆದಾರರು ಆಗಲೇ ಅಲ್ಲಿ ನೆರೆದಿದ್ದುದೇ ಹೆಚ್ಚಿನ ಕಾರಣವೆಂದು ನಾನು ಭಾವಿಸುತ್ತೇನೆ.